ಕೊಟ್ಟಿಗೆಯ ಸೂರಿನಲ್ಲಿ ಕಡಜದ ಗೂಡು: ಏನು ಮಾಡಬೇಕು, ಏನು ಮಾಡಬಾರದು?

ಮಳೆಗಾಲ ಮುಗಿದು ಕಬ್ಬಿನ ಕಟಾವು ಶುರುವಾಗುವ ಹೊತ್ತಿಗೆ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳ ಹಳ್ಳಿಗಳಿಂದ ಒಂದು ಕರೆ ಮೇಲಿಂದ ಮೇಲೆ ಬರುತ್ತದೆ: "ಸಾಹೇಬರ, ಆಕಳ ಮಾರಿ ಒಮ್ಮೆಲೇ ಬಾತೈತಿ, ಹಾವು ಕಡದೈತೋ ಏನೋ." ಹೋಗಿ ನೋಡಿದರೆ ಎಷ್ಟೋ ಸಲ ಹಾವಲ್ಲ, ಸೂರಿನಲ್ಲಿ ಕಡಜದ ಗೂಡು. ಕೆಲವರು ಇದನ್ನು ಕಣಜ ಎಂದೂ ಕರೆಯುತ್ತಾರೆ.

ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ ನಡೆದ ಸಂಗತಿ ಇದು. ಸಂಘದ ಸದಸ್ಯರೊಬ್ಬರು ಕೊಟ್ಟಿಗೆಯ ಜಂತಿಗೆ ಕಟ್ಟಿದ್ದ ಗೂಡನ್ನು ಮಧ್ಯಾಹ್ನದ ಹೊತ್ತಿನಲ್ಲಿ ಡೀಸೆಲ್ ಪಂಜಿನಿಂದ ಸುಡಲು ಹೋದರು. ಹುಳಗಳು ಎದ್ದವು. ಅವರು ಪಂಜು ಬಿಸಾಕಿ ಓಡಿದರು. ಪಂಜು ಬಿದ್ದದ್ದು ಒಣ ಕಣಿಕೆಯ ಮೇಲೆ. ನೆರೆಯವರು ನೀರು ಸುರಿದು ಬೆಂಕಿ ಆರಿಸಿದರು. ಆದರೆ ಗೂಟಕ್ಕೆ ಕಟ್ಟಿದ್ದ ಎಮ್ಮೆಗೆ ಓಡಲು ದಾರಿ ಇರಲಿಲ್ಲ. ನಾವು ತಲುಪುವಷ್ಟರಲ್ಲಿ ಅದು ಸತ್ತಿತ್ತು. ಗೂಡು ಇದ್ದದ್ದು ಒಂದು ತೆಂಗಿನಕಾಯಿಯಷ್ಟು. ಇಲ್ಲಿ ಆದ ತಪ್ಪುಗಳು ಮೂರು: ಹಗಲಿನಲ್ಲಿ ಕೈ ಹಾಕಿದ್ದು, ಬೆಂಕಿ ಬಳಸಿದ್ದು, ದನ ಬಿಚ್ಚದೇ ಇದ್ದದ್ದು.

ಮೊದಲು ಹುಳವನ್ನು ಗುರುತಿಸಿ

1. ದೊಡ್ಡ ಕಡಜ: ಸುಮಾರು ಒಂದು ಅಂಗುಲ ಉದ್ದ, ಕೆಂಗಂದು ಮೈ, ಹೊಟ್ಟೆಯ ಮೇಲೆ ಹಳದಿ ಪಟ್ಟೆ. ಗೋಡೆಯ ಬಿರುಕು, ಹಳೆಯ ಇಲಿ ಬಿಲ, ಹೊಲದ ಬದು, ಮರದ ಪೊಟರೆಗಳಲ್ಲಿ ಗೂಡು ಮಾಡುತ್ತದೆ. ಇದರಲ್ಲಿ ಕೆಲವು ಜಾತಿಗಳು ಮರದಲ್ಲಿ ಅಥವಾ ಸೂರಿನ ಕೆಳಗೆ ಚೆಂಡಿನಂಥ ಗೂಡು ಕಟ್ಟುತ್ತವೆ. ಅಪಾಯ ಹೆಚ್ಚು ಇರುವುದು ಇದರಿಂದಲೇ.

2. ಸಣ್ಣ ಕಡಜ: ತೆಳ್ಳನೆಯ ನಡು. ಪತ್ರಾಸ್ ಕೆಳಗೆ, ಕಿಟಕಿಯ ಮೂಲೆಯಲ್ಲಿ ಒಂದು ಕಡ್ಡಿಯಂಥ ತೊಟ್ಟಿಗೆ ತೆರೆದ ಗೂಡು ನೇತಾಡುತ್ತದೆ. ಕಟ್ಟಿಗೆಯ ನಾರನ್ನು ಜಗಿದು ಕಾಗದದಂತೆ ಮಾಡಿ ಈ ಗೂಡು ಕಟ್ಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವೇಂದ್ರ ಗದಗಕರ ಅವರು ಈ ಗುಂಪಿನ ಒಂದು ಕಡಜವನ್ನೇ ದಶಕಗಳ ಕಾಲ ಅಭ್ಯಾಸ ಮಾಡಿ 2001ರಲ್ಲಿ ಗ್ರಂಥ ಬರೆದಿದ್ದಾರೆ. ಇದು ಬೆಳೆಯ ಕೀಡೆಗಳನ್ನು ಹಿಡಿದು ತನ್ನ ಮರಿಗಳಿಗೆ ಉಣಿಸುತ್ತದೆ. ಆದ್ದರಿಂದ ಓಡಾಟಕ್ಕೆ ಅಡ್ಡಿಯಿಲ್ಲದ ಕಡೆ ಇದ್ದರೆ ಇರಲಿ ಬಿಡಿ.

3. ಮಣ್ಣಿನ ಗೂಡು ಕಟ್ಟುವ ಹುಳ: ಒಂಟಿಯಾಗಿ ಇರುತ್ತದೆ, ಜೇಡಗಳನ್ನು ಅಥವಾ ಕೀಡೆಗಳನ್ನು ತಂದು ಗೂಡಿನಲ್ಲಿ ತುಂಬುತ್ತದೆ. ಗುಂಪಾಗಿ ಮೇಲೆ ಬೀಳುವುದಿಲ್ಲ. ಹೆದರುವ ಕಾರಣವಿಲ್ಲ.

4. ಹೆಜ್ಜೇನು: ಇದು ಕಡಜವಲ್ಲ. ನೀರಿನ ಟ್ಯಾಂಕು, ದೊಡ್ಡ ಮರಗಳಿಗೆ ಒಂದೇ ದೊಡ್ಡ ರೊಟ್ಟಿ ಕಟ್ಟುತ್ತದೆ. ಇದಕ್ಕೆ ನೀವಾಗಿ ಎಂದಿಗೂ ಕೈ ಹಾಕಬೇಡಿ.

ಅಪಾಯ ಏಕೆ?

ಜೇನು ಕಚ್ಚಿದರೆ ಅದರ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ಹುಳ ಸಾಯುತ್ತದೆ. ಕಡಜದ ಮುಳ್ಳು ಹಾಗೆ ಸಿಕ್ಕಿಕೊಳ್ಳುವುದಿಲ್ಲ. ಒಂದೇ ಹುಳ ಹಲವು ಸಲ ಚುಚ್ಚಬಲ್ಲದು. ಗೂಡಿನ ಹತ್ತಿರ ಒಂದನ್ನು ಜಜ್ಜಿದರೆ ಅದರ ವಿಷದ ವಾಸನೆಯಿಂದ ಉಳಿದವು ಎಚ್ಚರಗೊಂಡು ಮೇಲೆರಗುತ್ತವೆ. 2013ರಲ್ಲಿ ಚೀನಾದ ಶಾಂಕ್ಸಿ ಪ್ರಾಂತದಲ್ಲಿ ಕೆಲವೇ ತಿಂಗಳಲ್ಲಿ ಕಡಜದ ದಾಳಿಗೆ ನಲವತ್ತಕ್ಕೂ ಹೆಚ್ಚು ಜನ ಬಲಿಯಾದರು. ಅಲ್ಲಿಯ ದೈತ್ಯ ಕಡಜ ನಮ್ಮ ಭಾಗದಲ್ಲಿ ಇಲ್ಲ. ಆದರೂ ನಮ್ಮಲ್ಲಿಯ ಕಡಜವನ್ನು ಹಗುರವಾಗಿ ಕಾಣುವಂತಿಲ್ಲ.

ಗೂಡು ಕಂಡಾಗ

* ಮೊದಲು ದನಕರುಗಳನ್ನು ಬಿಚ್ಚಿ ದೂರ ಕಟ್ಟಿರಿ. ಮಕ್ಕಳು ಕಲ್ಲು ಎಸೆಯದಂತೆ ನೋಡಿಕೊಳ್ಳಿ.
* ಬೆಂಕಿ, ಡೀಸೆಲ್, ಪೆಟ್ರೋಲ್ ಬೇಡ. ಬಣವೆ, ರವದಿ, ಕಣಿಕೆ ಇರುವ ಜಾಗದಲ್ಲಿ ಒಂದು ಕಿಡಿ ಸಾಕು.
* ಬಿಲದ ಬಾಯಿಗೆ ಮಣ್ಣು ಬಡಿದು ಮುಚ್ಚಬೇಡಿ. ಹುಳಗಳು ಇನ್ನೊಂದು ಕಡೆಯಿಂದ, ಕೆಲವೊಮ್ಮೆ ಮನೆಯೊಳಗೇ ಹೊರಬೀಳುತ್ತವೆ.
* ಸಣ್ಣ ಕಡಜದ ಅಂಗೈಗಿಂತ ಚಿಕ್ಕ ಗೂಡನ್ನು ತೆಗೆಯಲೇಬೇಕಾದರೆ ಪೂರ್ತಿ ಕತ್ತಲಾದ ಮೇಲೆ ತೆಗೆಯಿರಿ. ಒಂದು ಲೀಟರ್ ನೀರಿಗೆ ಎರಡು ಮೂರು ಚಮಚ ಬಟ್ಟೆ ಸೋಪಿನ ಪುಡಿ ಕಲಸಿ ಕೈಪಂಪಿನಿಂದ ಗೂಡು ಪೂರ್ತಿ ತೋಯುವಂತೆ ಹೊಡೆಯಿರಿ. ಸೋಪಿನ ನೀರು ಹುಳದ ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ. ಕಳೆನಾಶಕ ಹೊಡೆದ ಪಂಪು ಬೇಡ. ಮೈತುಂಬ ದಪ್ಪ ಬಟ್ಟೆ ಇರಲಿ, ಏಣಿ ಹತ್ತಬೇಡಿ, ಗೂಡಿನ ನೇರ ಕೆಳಗೆ ನಿಲ್ಲಬೇಡಿ.
* ದೊಡ್ಡ ಕಡಜದ ಗೂಡನ್ನು ನೀವು ಮುಟ್ಟಬೇಡಿ. ಗ್ರಾಮ ಪಂಚಾಯತಿ, ಹತ್ತಿರದ ಅಗ್ನಿಶಾಮಕ ಠಾಣೆ ಇಲ್ಲವೇ ಈ ಕೆಲಸ ಬಲ್ಲವರನ್ನು ಕೇಳಿರಿ. ಹಿಂದೆ ಕಡಜ ಅಥವಾ ಜೇನು ಕಚ್ಚಿ ಮೈಯೆಲ್ಲ ದದ್ದು ಎದ್ದಿದ್ದವರು ಯಾವ ಗೂಡಿನ ಹತ್ತಿರವೂ ಹೋಗಬಾರದು.

ಹಾಲಿನ ಬಗ್ಗೆ ಒಂದು ಮಾತು

ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಕೊಟ್ಟಿಗೆಯಲ್ಲಿ ಹೊಡೆಯಬೇಡಿ. ಅದು ಗೋದಲಿ, ಮೇವು, ನೀರಿನ ತೊಟ್ಟಿಯ ಮೇಲೆ ಬೀಳುತ್ತದೆ. ದನ ಅದನ್ನು ನೆಕ್ಕಿದರೆ ವಿಷದ ಅಂಶ ಹಾಲಿಗೆ ಬರಬಲ್ಲದು. ಆ ಹಾಲು ಸಂಘಕ್ಕೆ ಬರುವ ಮೊದಲು ನಿಮ್ಮ ಮನೆಯ ಮಗುವಿನ ಲೋಟಕ್ಕೆ ಬಂದಿರುತ್ತದೆ.

ದನಕ್ಕೆ ಕಚ್ಚಿದರೆ

ದನವನ್ನು ಆ ಜಾಗದಿಂದ ಹೊರಗೆ ತಂದು ನೆರಳಿನಲ್ಲಿ ನಿಲ್ಲಿಸಿ, ಬಾವಿನ ಮೇಲೆ ತಣ್ಣೀರು ಬಟ್ಟೆ ಇಡಿ. ಮೂಗು, ಗಂಟಲು ಬಾತು ಉಸಿರಾಟ ಕಷ್ಟವಾದರೆ, ಜೊಲ್ಲು ಸುರಿಸಿ ತೂರಾಡಿದರೆ, ಅಥವಾ ಹಲವು ಹುಳಗಳು ಕಚ್ಚಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಸಂಚಾರಿ ಪಶು ಚಿಕಿತ್ಸೆಗೆ 1962 ಸಂಖ್ಯೆಗೆ ಫೋನ್ ಮಾಡಬಹುದು. ದನ ಗಬ್ಬ ಇದ್ದರೆ ಅದನ್ನು ಮೊದಲೇ ಹೇಳಿರಿ. ಬಾವು ಇಳಿಸಲು ಕೊಡುವ ಕೆಲವು ಚುಚ್ಚುಮದ್ದುಗಳಿಂದ ತುಂಬು ಗಬ್ಬದ ದನ ಕಂದು ಹಾಕುವ ಸಂಭವವಿದೆ. ಆದ್ದರಿಂದ ಅಂಗಡಿಯಿಂದ ಔಷಧ ತಂದು ನೀವೇ ಚುಚ್ಚಬೇಡಿ. ಚಿಕಿತ್ಸೆಯ ನಂತರ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ.

ಕೆಚ್ಚಲಿಗೆ ಕಚ್ಚಿದರೆ ಬಾವು ನೋಡಿ ಕೆಚ್ಚಲು ಬಾವು ರೋಗವೆಂದು ತಿಳಿಯುವವರಿದ್ದಾರೆ. ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ. ಗರಣೆ, ರಕ್ತ ಕಂಡರೆ ವೈದ್ಯರಿಗೆ ತೋರಿಸಿ.

ಮನುಷ್ಯರಿಗೆ ಕಚ್ಚಿದರೆ

ಗೂಡಿನಿಂದ ದೂರ ಬನ್ನಿ. ಬಳೆ, ಉಂಗುರ ತೆಗೆಯಿರಿ. ಸೋಪು ನೀರಿನಿಂದ ತೊಳೆದು ತಣ್ಣೀರು ಬಟ್ಟೆ ಇಡಿ. ಸುಣ್ಣ ಹಚ್ಚಬೇಡಿ, ಚರ್ಮ ಸುಡುತ್ತದೆ. ಉಳ್ಳಾಗಡ್ಡಿ ತಿಕ್ಕುತ್ತಾ ಹೊತ್ತು ಕಳೆಯಬೇಡಿ. ಮೈಯೆಲ್ಲ ದದ್ದು, ತುಟಿ ನಾಲಿಗೆ ಬಾವು, ಉಸಿರುಕಟ್ಟು, ತಲೆಸುತ್ತು, ವಾಂತಿ ಕಂಡರೆ ಕೂಡಲೇ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಿ. ಅಲ್ಲಿ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ. ಬಹಳ ಹುಳಗಳು ಕಚ್ಚಿದ್ದರೆ ಆರಾಮ ಎನಿಸಿದರೂ ಆಸ್ಪತ್ರೆಗೆ ತೋರಿಸಿ. ಮುಂದಿನ ಒಂದೆರಡು ದಿನಗಳಲ್ಲಿ ಮೂತ್ರ ಕಡಿಮೆಯಾಗುವುದು, ಚಹಾದ ಬಣ್ಣಕ್ಕೆ ತಿರುಗುವುದು ಮೂತ್ರಪಿಂಡಕ್ಕೆ ಪೆಟ್ಟಾದ ಲಕ್ಷಣ.

ಗೂಡು ಕಟ್ಟದಂತೆ ಮಾಡಿ

ವಾರಕ್ಕೊಮ್ಮೆ ಸೂರು, ಜಂತಿ, ಗೋದಲಿಯ ಅಡಿ ನೋಡಿರಿ. ಗೋಡೆಯ ಬಿರುಕು, ಖಾಲಿ ಇಲಿ ಬಿಲಗಳನ್ನು ಮುಚ್ಚಿರಿ. ಬೆಲ್ಲ, ಕಾಕಂಬಿ, ಪಶು ಆಹಾರ ತೆರೆದಿಡಬೇಡಿ. ಹಾಲಿನ ಕ್ಯಾನು ಕೂಡಲೇ ತೊಳೆಯಿರಿ. ಕರು ಹಾಕಿದ ಮೇಲೆ ಬಿದ್ದ ಮಾಸನ್ನು ಆಳವಾಗಿ ಹೂಳಿರಿ, ಏಕೆಂದರೆ ದೊಡ್ಡ ಕಡಜ ಸಿಹಿಗೆ ಬರುವಂತೆ ಮಾಂಸಕ್ಕೂ ಬರುತ್ತದೆ.

ಕೊನೆಯದಾಗಿ, ದನದ ಹಗ್ಗವನ್ನು ಒಂದೇ ಎಳೆತಕ್ಕೆ ಬಿಚ್ಚುವಂಥ ಜಾರುಗಂಟಿನಿಂದ ಕಟ್ಟುವ ರೂಢಿ ಇಟ್ಟುಕೊಳ್ಳಿ. ಕಡಜ ಎದ್ದಾಗಲೂ, ಬೆಂಕಿ ಬಿದ್ದಾಗಲೂ ಅದೇ ಕೆಲಸಕ್ಕೆ ಬರುತ್ತದೆ. ನಾವು ಓಡಬಲ್ಲೆವು, ಕಟ್ಟಿದ ದನ ಓಡಲಾರದು.