ಕಲ್ಲಿಗೂ ಕಣ್ಣಿಗೂ ನಡುವೆ

ಗದಗ-ಬೆಟಗೇರಿಯಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ, 1007ರ ಸುಮಾರಿಗೆ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ಅದರ ಆವರಣದಲ್ಲೇ ಶಿಲ್ಪ ಸಂಗ್ರಹಾಲಯವೂ ಇದೆ. ಬಸದಿಯೊಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಕಂಡರೆ ಯಾರಿಗಾದರೂ ಪ್ರಶ್ನೆ ಏಳುತ್ತದೆ: ಜಿನರ ಮನೆಯಲ್ಲಿ ಬ್ರಹ್ಮನೇಕೆ? ಹತ್ತನೆಯ ತೀರ್ಥಂಕರ ಶೀತಲನಾಥನ ಯಕ್ಷನಿಗೂ ಬ್ರಹ್ಮನೆಂದೇ ಹೆಸರು ಎಂಬ ಸುಳಿವನ್ನು ಅದೇ ಗಳಿಗೆಯಲ್ಲಿ ಕೊಡಬಲ್ಲವರು ಪಕ್ಕದಲ್ಲಿರಬೇಕು. ಅಮೆರಿಕದ ಬಾಸ್ಟನ್‌ನ ಲಲಿತಕಲಾ ಸಂಗ್ರಹಾಲಯ 1907ರಲ್ಲೇ ನೋಡುಗರ ಜೊತೆ ನಡೆದು ವಿವರಿಸುವವರನ್ನು ನೇಮಿಸಿಕೊಂಡಿತು. ಇಂದು ಜಗತ್ತಿನ ಎಷ್ಟೋ ಗ್ಯಾಲರಿಗಳಲ್ಲಿ ಈ ಕೆಲಸ ಮಾಡುತ್ತಿರುವವರು ಸ್ವಯಂಸೇವಕರು. ಊರೇ ಗ್ಯಾಲರಿಯಂತಿರುವ ನಮ್ಮ ಜಿಲ್ಲೆಗೆ ಅಂಥವರು ಇನ್ನೂ ಹೆಚ್ಚು ಬೇಕು.

ಮಾರ್ಗದರ್ಶಿಯ ಕೆಲಸ ಮಾಹಿತಿ ಒಪ್ಪಿಸುವುದಲ್ಲ, ನೋಡಲು ಕಲಿಸುವುದು. ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿಯನ್ನೇ ತೆಗೆದುಕೊಳ್ಳಿ. ಅದರ ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ. ಒಂದೇ ಕಡೆ ನಿಂತರೆ ಬರೀ ಮಡಿಕೆಗಳಷ್ಟೇ ಕಾಣುತ್ತವೆ. ಮಾರ್ಗದರ್ಶಿ ರಟ್ಟಿನ ಚೌಕವೊಂದನ್ನು ಹಾಳೆಯ ಮೇಲಿಟ್ಟು, ನಡುವಿನ ಬಿಂದು ಕದಲದಂತೆ 15 ಡಿಗ್ರಿಯಷ್ಟು ತಿರುಗಿಸುತ್ತ ಆರು ಸಲ ಅಂಚು ಗೀಚಲಿ. ಆರು ಚೌಕ, 24 ಮೂಲೆ! ಆ ಹಾಳೆ ಹಿಡಿದು ಗುಡಿಯನ್ನು ಸುತ್ತಿದ ಮಗುವಿಗೆ ಶಿಲ್ಪಿಯ ಲೆಕ್ಕವೇ ಕೈಗೆ ಸಿಗುತ್ತದೆ.

ಫಲಕ, ಮೊಬೈಲ್ ಇರುವಾಗ ಮನುಷ್ಯರೇಕೆ ಎನ್ನುವವರಿದ್ದಾರೆ. ಅವು ಎಲ್ಲರಿಗೂ ಒಂದೇ ಮಾತು ಹೇಳುತ್ತವೆ, ಎದುರಿನವರ ಮುಖ ನೋಡಿ ಮಾತು ಬದಲಿಸಲಾರವು. ಉಚಿತ ಸೇವೆಯಿಂದ ವೃತ್ತಿಪರ ಗೈಡ್‌ಗಳ ಅನ್ನಕ್ಕೆ ಕುತ್ತು ಎಂಬ ಆತಂಕ ನ್ಯಾಯವಾದದ್ದು. ಆದ್ದರಿಂದ ಸ್ವಯಂಸೇವಕರು ಹಣ ಕೊಡಲಾಗದ ಶಾಲಾ ಮಕ್ಕಳಿಗೆ, ಸುತ್ತಲಿನ ಹಳ್ಳಿಗರಿಗೆ ಮೀಸಲಾಗಿರಲಿ. ಕಲೆಯ ರುಚಿ ಹತ್ತಿದವರು ನಾಳೆ ಗೈಡ್‌ಗಳನ್ನೂ ಹುಡುಕಿಕೊಂಡು ಬರುತ್ತಾರೆ. ತರಬೇತಿಯಿಲ್ಲದವರು ಕಟ್ಟುಕತೆ ಹೇಳುತ್ತಾರೆಂಬ ಆಕ್ಷೇಪವೇ ಗಟ್ಟಿಯಾದದ್ದು. ಪ್ರತಿ ಗುಡಿಯನ್ನೂ ಜಕಣಾಚಾರಿಯ ಲೆಕ್ಕಕ್ಕೆ ಬರೆದುಬಿಡುವ ರೂಢಿ ನಮ್ಮಲ್ಲಿದೆ. ಇದಕ್ಕೆ ಮದ್ದು ಬಾಯಿ ಮುಚ್ಚಿಸುವುದಲ್ಲ. ಶಾಸನದ ಮಾತು ಯಾವುದು, ಜನರ ಐತಿಹ್ಯ ಯಾವುದು ಎಂದು ಬೇರೆಬೇರೆಯಾಗಿ ಹೇಳುವ ಶಿಸ್ತು ಕಲಿಸುವುದು.

ಲಕ್ಷ್ಮೇಶ್ವರದ ಶಂಖ ಬಸದಿಯಲ್ಲಿ ಪುಟ್ಟ ಪುಟ್ಟ ಜಿನಬಿಂಬಗಳು ಸಾಲುಗಟ್ಟಿದ ಸಹಸ್ರಕೂಟವಿದೆ. ಶಿರಹಟ್ಟಿಯ ನಿವೃತ್ತ ಶಿಕ್ಷಕರೊಬ್ಬರು ತಿಂಗಳಿಗೊಂದು ಭಾನುವಾರ ಅಲ್ಲಿ ನಿಂತು, ಮಕ್ಕಳಿಗೆ ಒಂದೇ ಒಂದು ಸಾಲು ಎಣಿಸಿರೆಂದರೂ ಸಾಕು. ಎಣಿಸುವಷ್ಟು ಹೊತ್ತು ನೋಡಿದ ಕಲ್ಲಿನ ಮೇಲೆ ಯಾವ ಮಗುವೂ ತನ್ನ ಹೆಸರು ಕೆತ್ತಲು ಮನಸ್ಸು ಮಾಡದು.