ಗಿಡದ ತುದಿಯ ಎರಡೆಲೆ: ಕ್ಯೂಬಾದ ಒಂದು ಸಿಗಾರಿನ ಕಥೆ

ನಮ್ಮ ಸಂಘದ ಕಚೇರಿಯ ಮೇಜಿನ ಮೇಲೆ ಎರಡು ತಿಂಗಳಿಂದ ಒಂದು ಖಾಲಿ ಮರದ ಪೆಟ್ಟಿಗೆ ಕುಳಿತಿದೆ. ಸದಸ್ಯರೊಬ್ಬರ ಮಗ ಕೊಲ್ಲಿ ದೇಶದಲ್ಲಿ ಕೆಲಸದಲ್ಲಿದ್ದಾರೆ. ಅಲ್ಲಿನ ಯಜಮಾನರು ಸೇದಿ ಮುಗಿಸಿದ ಸಿಗಾರಿನ ಪೆಟ್ಟಿಗೆ ನೋಡಲು ಚೆನ್ನಾಗಿದೆಯೆಂದು ಊರಿಗೆ ತಂದರು. ತಾಯಿಯವರು ಅದರಲ್ಲಿ ಏಲಕ್ಕಿ ಹಾಕಿಟ್ಟರು. ವಾರದೊಳಗೆ ಏಲಕ್ಕಿಗೆ ಹೊಗೆಸೊಪ್ಪಿನ ವಾಸನೆ ಹತ್ತಿತು. ಹೀಗೆ ಮನೆಯಿಂದ ಹೊರಬಿದ್ದ ಪೆಟ್ಟಿಗೆ ಸಂಘಕ್ಕೆ ಬಂತು, ಈಗ ರಶೀದಿ ಪುಸ್ತಕಗಳಿಗೆ ಆಸರೆಯಾಗಿದೆ.

ಮುಚ್ಚಳದ ಮೇಲೆ ‘ಕೊಹೀಬಾ ಬೆಹಿಕೆ’ ಎಂದು ಬರೆದಿದೆ. ಹಿಡಿಯುವುದು ಬರೇ ಹತ್ತು ಸಿಗಾರು. ತುಂಬಿದ್ದಾಗ ಅದರ ಬೆಲೆ ಎಷ್ಟಿತ್ತೆಂದು ಹುಡುಗ ಹೇಳಿದಾಗ, ಸಾಲದ ಕಂತು ಕಟ್ಟಲು ಬಂದಿದ್ದ ಇಬ್ಬರು ಸದಸ್ಯರು ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟರು. “ಎಷ್ಟಾದರೂ ಎಲೆ ತಾನೇ? ಎಲೆಗೆ ಇಷ್ಟು ಕೊಡುವವರು ಯಾರು? ಕೊಟ್ಟರೆ ಅದರಲ್ಲಿ ಬೆಳೆದವನಿಗೆ ಸಿಕ್ಕಿದ್ದೆಷ್ಟು?” ಎಂಬುದು ಅವರ ಪ್ರಶ್ನೆ. ಬೆಳೆಗಾರನ ಬಾಯಿಂದ ಬರಬೇಕಾದ ಪ್ರಶ್ನೆಯೇ ಸರಿ. ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ. ಯಾರೂ ಸಿಗಾರು ಸೇದಲಿ ಎಂಬ ಉದ್ದೇಶ ನಮಗಿಲ್ಲ. ಹೊಗೆಸೊಪ್ಪು ಮಾಡುವ ಕೇಡು ಎಲ್ಲರಿಗೂ ಗೊತ್ತಿದ್ದದ್ದೇ. ಅಡಿಕೆಯ ಮೇಲೂ ಅಂಥದೇ ಆರೋಪ ಬಂದಿರುವಾಗ ನಾವು ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಕೊಹೀಬಾ ಎಂಬುದು 1966ರಲ್ಲಿ ಕ್ಯೂಬಾದಲ್ಲಿ ಹುಟ್ಟಿದ ಹೆಸರು. ಮೊದಲಿಗೆ ಇದು ಸರ್ಕಾರದ ದೊಡ್ಡವರಿಗೆ ಮತ್ತು ವಿದೇಶಿ ಅತಿಥಿಗಳಿಗೆ ಮಾತ್ರ ಮೀಸಲು. ಅಂಗಡಿಗೆ ಬಂದದ್ದು 1982ರಲ್ಲಿ. ಆ ದ್ವೀಪದ ಮೂಲನಿವಾಸಿಗಳಾದ ತಾಯ್ನೊ ಜನರ ಭಾಷೆಯಲ್ಲಿ ಕೊಹೀಬಾ ಎಂದರೆ ಅವರು ಸೇದುತ್ತಿದ್ದ ಸುರುಳಿ ಎಲೆ, ಬೆಹಿಕೆ ಎಂದರೆ ಅವರ ಪೂಜಾರಿ-ವೈದ್ಯ.

2006ರಲ್ಲಿ ಕೊಹೀಬಾಕ್ಕೆ ನಲವತ್ತು ತುಂಬಿತೆಂದು ಬೆಹಿಕೆ ಎಂಬ ಹೆಸರಿನಲ್ಲಿ ಸೀಮಿತ ಸಂಖ್ಯೆಯ ಸಿಗಾರು ಮಾಡಿದರು. ಒಟ್ಟು 4,000 ಸಿಗಾರು, ಪೆಟ್ಟಿಗೆಗೆ 40ರಂತೆ 100 ಪೆಟ್ಟಿಗೆ. ಎಲ್ಲವನ್ನೂ ಸುತ್ತಿದವರು ಹವಾನಾದ ಎಲ್ ಲಗೀತೊ ಕಾರ್ಖಾನೆಯ ನೋರ್ಮಾ ಫೆರ್ನಾಂದೆಸ್ ಎಂಬ ಒಬ್ಬರೇ ಮಹಿಳೆ. ಪೆಟ್ಟಿಗೆಯೊಂದರ ಬೆಲೆ ಸುಮಾರು 15,000 ಯೂರೋ. ಸಿಗಾರೊಂದಕ್ಕೆ 375 ಯೂರೋ ಬಿತ್ತು! ಇದು ಮನುಷ್ಯ ತಾನಾಗಿ ಹಾಕಿಕೊಂಡ ಮಿತಿ. ನೂರು ಸಾಕೆಂದರೆ ನೂರು, ಇನ್ನೂರು ಬೇಕೆಂದರೆ ಇನ್ನೂರು. ಇಂಥದ್ದರಲ್ಲಿ ಬೆಳೆಗಾರರು ಕಲಿಯಬೇಕಾದದ್ದು ಹೆಚ್ಚಿಲ್ಲ.

ಆದರೆ 2010ರಲ್ಲಿ ಅದೇ ಹೆಸರಿನಲ್ಲಿ ಮೂರು ಅಳತೆಯ ಸಿಗಾರುಗಳು ಬಂದವು. ದಪ್ಪದ ಪ್ರಕಾರ ಅವುಗಳ ಹೆಸರು 52, 54, 56. ಒಂದು ಅಂಗುಲದ 64 ಭಾಗಗಳಲ್ಲಿ ಅಷ್ಟು ಭಾಗ ದಪ್ಪ ಎಂದರ್ಥ. ನಮ್ಮ ಮೇಜಿನ ಮೇಲಿರುವುದು ಈ ಪೈಕಿಯದು. ಇವನ್ನು ವರ್ಷ ವರ್ಷ ಮಾಡುತ್ತಾರಾದರೂ ಬೇಕಾದಷ್ಟು ಮಾಡಲಾರರು. ಇಲ್ಲಿ ಮಿತಿ ಹಾಕಿದ್ದು ಗಿಡ.

ಅದು ಹೇಗೆಂದು ತಿಳಿಯಲು ಹೊಲಕ್ಕೇ ಹೋಗಬೇಕು. ಕ್ಯೂಬಾದ ಪಶ್ಚಿಮ ತುದಿಯಲ್ಲಿ ಪಿನಾರ್ ದೆಲ್ ರಿಯೊ ಎಂಬ ಪ್ರಾಂತ್ಯ. ಅದರಲ್ಲಿ ವುಯೆಲ್ತಾ ಅಬಾಹೊ ಎಂಬ ಸೀಮೆ. ಅಲ್ಲಿಯೂ ಸಾನ್ ಲೂಯಿಸ್, ಸಾನ್ ಹ್ವಾನ್ ಇ ಮಾರ್ತಿನೆಸ್ ಎಂಬ ಎರಡು ಊರುಗಳ ಸುತ್ತಿನ ಕೆಂಪು ಮರಳುಮಣ್ಣಿನ ಎಲೆಗೆ ಎಲ್ಲಿಲ್ಲದ ಬೆಲೆ. ಮಳೆಗಾಲದ ಕೊನೆಯಲ್ಲಿ ಸಸಿಮಡಿ, ಸುಮಾರು 45 ದಿನದ ಸಸಿಯನ್ನು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಾಟಿ, ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಹೂವಿನ ಮೊಗ್ಗು ಬಂದೊಡನೆ ಕುಡಿ ಚಿವುಟುತ್ತಾರೆ. ಆಗ ಕಂಕುಳಲ್ಲಿ ಚಿಗುರು ಒಡೆಯುತ್ತದೆ. ಕಾಫಿಯಲ್ಲಿ ಕಂಬಚಿಗುರು ತೆಗೆದು ತೆಗೆದು ಬೇಸತ್ತವರಿಗೆ ಆ ಕೆಲಸವನ್ನು ವಿವರಿಸಬೇಕಾಗಿಲ್ಲ.

ಸಿಗಾರಿನಲ್ಲಿ ಮೂರು ಭಾಗ: ಒಳಗೆ ಹೂರಣ, ಅದನ್ನು ಹಿಡಿದಿಡುವ ಒಳಸುತ್ತು, ಕಣ್ಣಿಗೆ ಕಾಣುವ ಹೊರಸುತ್ತು. ಹೊರಸುತ್ತಿನ ಎಲೆಗೆ ನೆರಳು ಬೇಕು. ಅದಕ್ಕಾಗಿ ಇಡೀ ಹೊಲಕ್ಕೆ ತೆಳುಬಟ್ಟೆಯ ಚಪ್ಪರ ಹಾಕುತ್ತಾರೆ. ಎಲೆ ತೆಳ್ಳಗೆ, ಅಗಲವಾಗಿ, ನರ ಎದ್ದುಕಾಣದಂತೆ ಬೆಳೆಯುತ್ತದೆ. ಹೂರಣದ ಎಲೆ ಬಿಸಿಲಿನಲ್ಲೇ ಬೆಳೆಯಬೇಕು.

ಬಿಸಿಲಿನ ಗಿಡದ ಎಲೆಗಳೆಲ್ಲ ಒಂದೇ ಅಲ್ಲ. ಬುಡದವು ‘ವೊಲಾದೊ’: ರುಚಿ ಕಡಿಮೆ, ಬೆಂಕಿ ಚೆನ್ನಾಗಿ ಹಿಡಿಯುತ್ತದೆ. ನಡುವಿನವು ‘ಸೆಕೊ’: ಪರಿಮಳ ಅಲ್ಲಿದೆ. ಮೇಲಿನವು ‘ಲಿಹೆರೊ’: ದಪ್ಪ, ಖಾರ, ನಿಧಾನವಾಗಿ ಉರಿಯುವಂಥವು. ಬೆರಕೆ ಎಂದರೆ ಈ ಮೂರನ್ನು ಹದವಾಗಿ ಸೇರಿಸುವುದೇ. ಬರೇ ಮೇಲಿನ ಎಲೆ ಸುತ್ತಿದರೆ ಬೆಂಕಿ ಆರಿಹೋಗುತ್ತದೆ, ಬರೇ ಬುಡದ ಎಲೆ ಸುತ್ತಿದರೆ ಹುಲ್ಲು ಸುಟ್ಟಂತೆ. ಇವೆಲ್ಲಕ್ಕಿಂತ ಮೇಲೆ, ನೆತ್ತಿಯಲ್ಲಿ, ಕೆಲವು ಗಿಡಗಳಲ್ಲಿ ಮಾತ್ರ ಎರಡು ಪುಟ್ಟ ಎಲೆಗಳು ಉಳಿಯುತ್ತವೆ. ಅವಕ್ಕೆ ‘ಮೆದಿಯೊ ತಿಯೆಂಪೊ’ ಎಂದು ಹೆಸರು. ಎಲ್ಲಕ್ಕಿಂತ ಹೆಚ್ಚು ದಿನ ಗಿಡದಲ್ಲಿದ್ದು, ಹೆಚ್ಚು ಬಿಸಿಲು ಉಂಡು, ಕೊನೆಯಲ್ಲಿ ಕೊಯ್ಲಾಗುವ ಎಲೆಗಳು. ಇವು ಎಲ್ಲ ಗಿಡದಲ್ಲೂ ಬರುವುದಿಲ್ಲ. ಬಂದ ಗಿಡದಲ್ಲೂ ಎರಡಕ್ಕಿಂತ ಹೆಚ್ಚಿಲ್ಲ. ಬೆಹಿಕೆಯ ಹೂರಣಕ್ಕೆ ಸೇರುವ ನಾಲ್ಕನೆಯ ಎಲೆ ಇದೇ.

ಇದನ್ನು ಓದುವಾಗ ನಮಗೆ ನೆನಪಾದದ್ದು ಪೀಬೆರಿ. ಪೀಬೆರಿ ಬೆಳೆಯುತ್ತೇನೆಂದು ಯಾರೂ ತೋಟ ಮಾಡುವುದಿಲ್ಲ. ಗಿಡ ಕೊಟ್ಟಷ್ಟು ಕೊಡುತ್ತದೆ, ಬೇರ್ಪಡಿಸಿದವನಿಗೆ ಬೇರೆ ಬೆಲೆ. ಒಣಚೆರಿಯನ್ನು ಮೂಟೆ ಲೆಕ್ಕದಲ್ಲಿ ಕಣದಿಂದಲೇ ಮಾರುವ ನಮ್ಮ ಸಣ್ಣ ಬೆಳೆಗಾರರ ಪೀಬೆರಿಯೂ ಆ ಮೂಟೆಯೊಳಗೇ ಹೋಗುತ್ತದೆ. ಅದನ್ನು ಆರಿಸುವ ಯಂತ್ರ, ಆರಿಸಿದ ಮೇಲಿನ ಬೆಲೆ ಎರಡೂ ಇನ್ನೊಬ್ಬರವು.

ಕೊಯ್ದ ಎಲೆಯನ್ನು ಕೋಲಿಗೆ ಪೋಣಿಸಿ ‘ಕಾಸಾ ದೆ ತಬಾಕೊ’ ಎಂಬ ಎತ್ತರದ ಕೊಟ್ಟಿಗೆಯಲ್ಲಿ ಸುಮಾರು 50 ದಿನ ತೂಗುಹಾಕುತ್ತಾರೆ. ಬೆಳಗ್ಗೆ, ಸಂಜೆ ಬಿಸಿಲು ತುದಿಗೋಡೆಗೆ ಮಾತ್ರ ತಾಗಲೆಂದು ಕೊಟ್ಟಿಗೆಯನ್ನು ಪೂರ್ವ-ಪಶ್ಚಿಮವಾಗಿ ಕಟ್ಟುತ್ತಾರೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ನಿನಲ್ಲಿ ಸೌದೆ ಉರಿಸಿ ಕೆಲವೇ ದಿನಗಳಲ್ಲಿ ಬೇಯಿಸುವುದು ಸಿಗರೇಟಿನ ಸೊಪ್ಪು. ಅದರ ಜಾತಿಯೂ ಬೇರೆ, ದಾರಿಯೂ ಬೇರೆ. ಕ್ಯೂಬಾದ ಎಲೆಗೆ ಗಾಳಿಯೇ ಬೆಂಕಿ. ಮಳೆ ಬಂದರೆ ಬಾಗಿಲು ಮುಚ್ಚು, ಒಣಹವೆಯಾದರೆ ನೆಲಕ್ಕೆ ನೀರು ಚಿಮುಕಿಸು ಎಂದು ಮನೆಯವರು ಹಗಲಿರುಳು ಕಾಯುತ್ತಾರೆ.

ಬಳಿಕ ಎಲೆಗಳನ್ನು ರಾಶಿ ಒಟ್ಟಿ ಹುದುಗಿಸುತ್ತಾರೆ. ರಾಶಿ ತಾನೇ ಕಾವೇರುತ್ತದೆ, ಮೂಗಿಗೆ ಹೊಡೆಯುವ ಅಮೋನಿಯಾ ಹೊರಬರುತ್ತದೆ. ಕಾವು ಮಿತಿಮೀರಿದರೆ ರಾಶಿ ಒಡೆದು, ಆರಿಸಿ, ಮತ್ತೆ ಒಟ್ಟಬೇಕು. ಎರಡು ಸಲ ಹೀಗೆ. ಕೊಹೀಬಾದಲ್ಲಿ ಸೆಕೊ ಮತ್ತು ಲಿಹೆರೊ ಎಲೆಗಳಿಗೆ ಪೀಪಾಯಿಯಲ್ಲಿ ಮೂರನೆಯ ಹುದುಗೂ ಉಂಟು. ಆಮೇಲೆ ಗೋದಾಮು. ವೊಲಾದೊ ತಿಂಗಳುಗಳ ಲೆಕ್ಕದಲ್ಲಿ ಮಾಗಿದರೆ, ಲಿಹೆರೊಗೆ ಎರಡು ವರ್ಷವಾದರೂ ಬೇಕು. 2000ದಿಂದ ಕ್ಯೂಬಾ ಪ್ರತಿವರ್ಷ ಹೊರತರುವ ‘ಸೀಮಿತ ಆವೃತ್ತಿ’ಯ ಸಿಗಾರುಗಳಲ್ಲಿ ಮೊದಮೊದಲು ಹೊರಸುತ್ತನ್ನು ಮಾತ್ರ ಎರಡು ವರ್ಷ ಮಾಗಿಸುತ್ತಿದ್ದರು. 2007ರಿಂದ ಎಲ್ಲ ಎಲೆಗೂ ಅದೇ ನಿಯಮ. ಕೈಯಲ್ಲಿ ಸರಕಿಟ್ಟುಕೊಂಡು ಎರಡು ವರ್ಷ ಸುಮ್ಮನೆ ಕೂರುವ ಶಕ್ತಿ ಯಾರಿಗಿದೆಯೋ ಬೆಲೆ ಅವರದ್ದು. ಅಡಿಕೆಯ ಧಾರಣೆ ಏರುವವರೆಗೆ ಕಾಯಲಾಗದೆ ಮದುವೆಗೋ ಕಾಲೇಜು ಫೀಸಿಗೋ ಮಾರಿದವರು ಇದನ್ನು ಚೆನ್ನಾಗಿ ಬಲ್ಲರು.

ಸುತ್ತುವವರ ಬಗ್ಗೆ ಒಂದು ಮಾತು. 1865ರಿಂದ ಹವಾನಾದ ಕಾರ್ಖಾನೆಗಳಲ್ಲಿ ಒಂದು ಪದ್ಧತಿಯಿದೆ: ನೂರಾರು ಜನ ಬೆಂಚುಗಳಲ್ಲಿ ಕುಳಿತು ಸುತ್ತುವಾಗ ಒಬ್ಬರು ಎತ್ತರದ ಪೀಠದಲ್ಲಿ ಕುಳಿತು ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಾರೆ. ಹಿಂದೆ ಓದುವವರ ಸಂಬಳವನ್ನು ಕೆಲಸಗಾರರೇ ಚಂದಾ ಎತ್ತಿ ಕೊಡುತ್ತಿದ್ದರು. ನಮ್ಮಲ್ಲಿ ಅಡಿಕೆ ಸುಲಿಯುವ ರಾತ್ರಿಗಳ ಕಥೆಗಳಿಗೆ ಸಂಬಳ ಕೊಟ್ಟವರಿಲ್ಲ!

ಇನ್ನು ಬೆಳೆಯುವವನ ಸಂಗತಿ. ಹೊರಗಿನವರು ಕ್ಯೂಬಾ ಎಂದರೆ ಎಲ್ಲವೂ ಸರ್ಕಾರಿ ಹೊಲವೆಂದು ತಿಳಿಯುತ್ತಾರೆ. 1960ರಲ್ಲಿ ಸಿಗಾರು ಕಾರ್ಖಾನೆಗಳು ರಾಷ್ಟ್ರೀಕರಣವಾದದ್ದು ನಿಜ. ಆದರೆ ಹೊಗೆಸೊಪ್ಪಿನ ಹೆಚ್ಚಿನ ಭಾಗವನ್ನು ಬೆಳೆಯುವವರು ಇಂದಿಗೂ ಸಣ್ಣ ಹಿಡುವಳಿದಾರರು ಮತ್ತು ಸಹಕಾರಿಗಳು. ಭೂಮಿ ತನ್ನದೇ ಇಟ್ಟುಕೊಂಡು, ಸಾಲಕ್ಕೂ ಗೊಬ್ಬರಕ್ಕೂ ಒಟ್ಟಾಗುವ ‘ಸಾಲ ಮತ್ತು ಸೇವಾ ಸಹಕಾರಿ’ಗಳು ಅಲ್ಲಿವೆ, ಹೆಸರು ಕೇಳಿದರೆ ನಮ್ಮ ಪಕ್ಕದ ಊರಿನ ಬೋರ್ಡು ಓದಿದಂತಾಗುತ್ತದೆ. ಬೆಳೆಯ ಸುಮಾರು ಶೇಕಡಾ 90 ಭಾಗವನ್ನು ಸರ್ಕಾರ ನಿಗದಿ ಮಾಡಿದ ದರಕ್ಕೆ ಸರ್ಕಾರಕ್ಕೇ ಕೊಡಬೇಕು. ಉಳಿದದ್ದನ್ನು ರೈತ ತಾನೇ ಸುತ್ತಿ ಪ್ರವಾಸಿಗರಿಗೆ ಮಾರಿಕೊಳ್ಳುತ್ತಾನೆ, ಆದರೆ ಅದಕ್ಕೆ ಹೆಸರಿನ ಪಟ್ಟಿ ಹಾಕುವಂತಿಲ್ಲ.

1996ರವರೆಗೆ ಕಾಫಿ ಮಂಡಳಿಯ ಪೂಲಿಗೆ ಕಾಫಿ ಕೊಟ್ಟು, ಕಂತುಕಂತಾಗಿ ಬರುವ ಹಣಕ್ಕೆ ಕಾದ ಹಿರಿಯರಿಗೆ ಇದು ಹೊಸ ಕಥೆಯಲ್ಲ. ಪೂಲಿನಲ್ಲಿ ಸಂರಕ್ಷಣೆಯಿತ್ತು, ಧಾರಣೆ ಬಿದ್ದರೂ ಕೈಬಿಡುತ್ತಿರಲಿಲ್ಲ. ಆದರೆ ಯಾರ ತೋಟದ ಕಾಫಿ ಎಂಬ ಗುರುತು ಅಲ್ಲಿ ಕರಗಿಹೋಗುತ್ತಿತ್ತು. ಬೆಹಿಕೆಯ ಪೆಟ್ಟಿಗೆಯನ್ನು ನಾವು ತಿರುಗಿಸಿ ಮುರುಗಿಸಿ ನೋಡಿದೆವು. ಸರ್ಕಾರದ ಮುದ್ರೆ ಇದೆ, ಕಾರ್ಖಾನೆಯ ಗುಪ್ತ ಅಕ್ಷರಗಳಿವೆ, ತಿಂಗಳು-ವರ್ಷ ಇದೆ. ಆ ಎರಡೆಲೆ ಯಾವ ಹೊಲದ್ದು ಎಂಬುದು ಮಾತ್ರ ಇಲ್ಲ. (ಈ ಹೆಸರಿನಲ್ಲಿ ನಕಲಿ ಮಾಲು ವಿಪರೀತ. ನಮ್ಮ ಪೆಟ್ಟಿಗೆಯೇ ಅಸಲಿಯೆಂದು ನಾವು ಪ್ರಮಾಣ ಮಾಡಲಾರೆವು.)

ಈ ನಿಯಮಕ್ಕೆ ಒಂದು ಅಪವಾದ ಉಂಟು. ಸಾನ್ ಲೂಯಿಸ್‌ನ ಅಲೆಹಾಂದ್ರೊ ರೊಬೈನಾ, ಜನನ 1919. 1845ರಿಂದ ಅವರ ಮನೆತನದ್ದು ಹೊಗೆಸೊಪ್ಪಿನ ಬೇಸಾಯ, ಜಮೀನು ಸುಮಾರು 16 ಹೆಕ್ಟೇರು. ಅವರ ಹೊರಸುತ್ತಿನ ಎಲೆಗೆ ಎಂಥ ಹೆಸರಿತ್ತೆಂದರೆ 1997ರಲ್ಲಿ ಸರ್ಕಾರವೇ ‘ವೇಗಾಸ್ ರೊಬೈನಾ’ ಎಂಬ ಸಿಗಾರು ಹೊರತಂದು, ಜೀವಂತ ರೈತನೊಬ್ಬನ ಹೆಸರನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿತು. ಫಿದೆಲ್ ಕ್ಯಾಸ್ಟ್ರೊ ಅವರನ್ನೇ ಎದುರಿಗೆ ಕೂರಿಸಿಕೊಂಡು, ಈ ಬೆಳೆ ದೊಡ್ಡ ಸರ್ಕಾರಿ ಹೊಲಕ್ಕಾಗಲೀ ಸಹಕಾರಿಗಾಗಲೀ ಒಗ್ಗುವುದಲ್ಲ, ಮನೆಮಂದಿ ಕೈಯಾರೆ ನೋಡಿಕೊಂಡರೆ ಮಾತ್ರ ಎಲೆ ಎಲೆಯಾಗುತ್ತದೆಂದು ಹೇಳಿದವರು ಅವರು. ಸಹಕಾರ ಸಂಘದ ಪತ್ರಿಕೆಯಲ್ಲಿ ಇದನ್ನು ಬರೆಯಲು ನಮಗೆ ತುಸು ಮುಜುಗರವೇ. ಆದರೂ ಮುಚ್ಚಿಡುವುದು ಸರಿಯಲ್ಲ. ಅವರು ಬೇಡವೆಂದದ್ದು ಹೊಲವನ್ನು ಒಟ್ಟುಗೂಡಿಸುವುದನ್ನು. ಸಾಲ, ಗೊಬ್ಬರ, ಮಾರಾಟಕ್ಕೆ ಒಟ್ಟಾಗುವುದು ಬೇರೆ ಮಾತೆಂದು ನಮ್ಮ ಅಭಿಪ್ರಾಯ. ಬೆಹಿಕೆ ಬಿಡುಗಡೆಯಾದ ಎರಡೇ ತಿಂಗಳಿಗೆ, 2010ರ ಏಪ್ರಿಲ್‌ನಲ್ಲಿ, 91ರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹೆಸರು ಬಂದರೂ ಬೇಸಾಯದ ಭಯ ತಪ್ಪುವುದಿಲ್ಲ. 1979-80ರಲ್ಲಿ ನೀಲಿ ಬೂಷ್ಟು ರೋಗ ಬಂದು ಕ್ಯೂಬಾದ ಬೆಳೆಯ ಬಹುಪಾಲು ಹೋಯಿತು, ಕಾರ್ಖಾನೆಗಳು ಮುಚ್ಚಿದವು. ಆ ರೋಗದ ಜೀವಿ ನಮ್ಮ ಕೊಳೆರೋಗದ ಜೀವಿಯ ದೂರದ ನೆಂಟ. ಅದಕ್ಕೂ ತೇವ, ಮೋಡ, ತಂಪು ಎಂದರೆ ಹಬ್ಬ. 1940ರ ದಶಕದಿಂದ ಹೊರಸುತ್ತಿಗೆ ಹೆಸರಾದ ‘ಕೊರೊಹೊ’ ತಳಿ ರೋಗ ತಡೆಯದೆ 1990ರ ದಶಕದಲ್ಲಿ ಹಿಂದೆ ಸರಿಯಿತು. ರೋಗನಿರೋಧಕ ಹೊಸ ತಳಿಗಳು ಬಂದವು. ಹಳೆಯ ರುಚಿ ಹೋಯಿತೆಂದು ಸೇದುವವರು ಈಗಲೂ ಗೊಣಗುತ್ತಾರೆ. ಗೊಣಗುವವರು ಔಷಧಿ ಸಿಂಪಡಿಸಿದವರಲ್ಲ.

2022ರ ಮಧ್ಯದಲ್ಲಿ, ಅರ್ಧ ಸರ್ಕಾರದ್ದೂ ಅರ್ಧ ವಿದೇಶಿ ಹೂಡಿಕೆದಾರರದ್ದೂ ಆದ ಮಾರಾಟ ಸಂಸ್ಥೆ ಹಬಾನೊಸ್, ಕೊಹೀಬಾದ ಬೆಲೆಯನ್ನು ಪ್ರಪಂಚದ ತುಂಬ ಏರಿಸಿ ಹಾಂಗ್‌ಕಾಂಗಿನ ಮಟ್ಟಕ್ಕೆ ತಂದಿತು. ಅದೇ ವರ್ಷ ಸೆಪ್ಟೆಂಬರ್ 27ರಂದು ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೊ ಮೇಲೆ ಹಾದುಹೋಯಿತು. ಎಲೆ ಒಣಗಿಸುವ ಕೊಟ್ಟಿಗೆಗಳು ಸಾವಿರಾರು ಲೆಕ್ಕದಲ್ಲಿ ಮಲಗಿದವು. ರೊಬೈನಾ ಅವರ ಮೊಮ್ಮಗ ನೋಡಿಕೊಳ್ಳುತ್ತಿದ್ದ ಜಮೀನನ್ನೂ ಅದು ಬಿಡಲಿಲ್ಲ. ಸಸಿಮಡಿ ಮಾಡಬೇಕಾದ ಕಾಲದಲ್ಲಿ ರೈತರು ಮರದ ತುಂಡು, ತಗಡು ಹೆಕ್ಕುತ್ತಿದ್ದರು. ಕೊಟ್ಟಿಗೆ ಇಲ್ಲದೆ ನಾಟಿ ಮಾಡಿ ಏನು ಫಲ? ಕೊಯ್ದದ್ದನ್ನು ತೂಗುಹಾಕುವುದೆಲ್ಲಿ?

ಮುಂದಿನ ವರ್ಷ, 2023ರಲ್ಲಿ, ಹಬಾನೊಸ್‌ನ ಮಾರಾಟ 72.1 ಕೋಟಿ ಡಾಲರ್‌ಗೆ ಏರಿತು. 2024ರಲ್ಲಿ 82.7 ಕೋಟಿ. ಎಲೆ ಕಡಿಮೆಯಾದಷ್ಟೂ ಗೋದಾಮಿನಲ್ಲಿ ಹಳೆಯ ಎಲೆ ಇದ್ದವರ ಸರಕಿಗೆ ಬೆಲೆ ಹೆಚ್ಚು. ಕುರ್ಚಿ ಎಳೆದುಕೊಂಡು ಕುಳಿತ ಸದಸ್ಯರಿಗೆ ನಾವು ಹೇಳಿದ್ದು ಇಷ್ಟೇ: ಆ ಎರಡೆಲೆ ಹೊಲದಲ್ಲಿ ಎರಡೆಲೆ ಮಾತ್ರ, ಅದಕ್ಕೆ ಬೆಲೆ ಹುಟ್ಟುವುದು ಆರಿಸುವ ಮೇಜಿನಲ್ಲಿ ಮತ್ತು ಗೋದಾಮಿನಲ್ಲಿ. ಅವೆರಡೂ ರೈತನ ಅಂಗಳದಿಂದ ಆಚೆ ಇವೆ. ಅವರಲ್ಲೊಬ್ಬರು, “ಹಾಗಾದರೆ ನಮ್ಮ ಗೋದಾಮಿನ ಹಿಂಭಾಗ ಖಾಲಿ ಬಿದ್ದಿದೆಯಲ್ಲ, ಅಲ್ಲಿ ಒಂದು ಜರಡಿ ಹಾಕಿ ಪೀಬೆರಿ ಬೇರೆ ಮಾಡಲು ಎಷ್ಟು ಖರ್ಚು ಬಿದ್ದೀತು?” ಎಂದು ಕೇಳಿದರು. ವಿಚಾರ ಆಡಳಿತ ಮಂಡಳಿಯ ಮುಂದಿನ ಸಭೆಗೆ ಬರುತ್ತದೆ.

ಪೆಟ್ಟಿಗೆ ಕಚೇರಿಯಲ್ಲೇ ಇದೆ. ಸಂತೆಯ ದಿನ ಬಂದ ಸದಸ್ಯರು ನೋಡಬಹುದು. ವಾಸನೆ ಇನ್ನೂ ಹೋಗಿಲ್ಲ.