ತೋಟಾ ಬಿಟ್ಟುಹೋಗುವ ಉಪ್ಪು

ಅಮೆರಿಕದಲ್ಲಿ ಹಳೆಯ ಸೇನಾ ರೈಫಲುಗಳ ಹುಚ್ಚು ಹಿಡಿದವರು ಗುರಿ ಹೊಡೆದು ಮನೆಗೆ ಬಂದ ಮೇಲೆ ಮಾಡುವ ಮೊದಲ ಕೆಲಸ, ಒಲೆಯ ಮೇಲೆ ನೀರಿಡುವುದು. ಕಾಫಿಗಲ್ಲ, ಕೋವಿ ತೊಳೆಯಲು. ಲಾಳಿಕೆ ಇಟ್ಟು ಕುದಿನೀರನ್ನು ನಳಿಗೆಯೊಳಕ್ಕೆ ಹೊಯ್ಯುತ್ತಾರೆ. ಉಕ್ಕಿನ ಹತ್ತಿರ ನೀರು ಸುಳಿಯಬಾರದು ಎಂದು ನಂಬಿದವರಿಗೆ ಇದು ಹುಚ್ಚಾಟದಂತೆ ಕಾಣಬಹುದು. ಆದರೆ ಆ ದಿನ ಹಾರಿಸಿದ್ದು ಸೋವಿಯತ್ ಕಾಲದ ಅಗ್ಗದ ತೋಟಾ ಆಗಿದ್ದರೆ ಕೋವಿಯನ್ನು ಉಳಿಸುವುದು ನೀರೇ, ಎಣ್ಣೆಯಲ್ಲ.

ಈ ಕಥೆ ಶುರುವಾಗುವುದು ಒಬ್ಬ ಪಾದ್ರಿಯಿಂದ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿಯ ಅಲೆಕ್ಸಾಂಡರ್ ಫೋರ್ಸೈತ್‌ಗೆ ನೀರುಹಕ್ಕಿಗಳ ಬೇಟೆಯ ಚಟ. ಚಕಮಕಿ ಕಲ್ಲಿನ ಕೋವಿಯಲ್ಲಿ ಕಿಡಿ ಮೊದಲು ಹಾರುತ್ತದೆ, ಗುಂಡು ಆಮೇಲೆ ಹೊರಡುತ್ತದೆ. ಅಷ್ಟರಲ್ಲಿ ಹಕ್ಕಿ ಎಚ್ಚರಗೊಂಡಿರುತ್ತದೆ. ಪೆಟ್ಟು ಬಿದ್ದೊಡನೆ ಸಿಡಿಯುವ ಮದ್ದನ್ನು ಬಳಸಿ ಅವನು 1807ರಲ್ಲಿ ಪೇಟೆಂಟ್ ಪಡೆದ. ಅಲ್ಲಿಂದ ಹುಟ್ಟಿದ್ದು ಕೇಪು. ಕಾಲಕ್ರಮೇಣ ಅದು ಹಿತ್ತಾಳೆ ತೋಟಾದ ತಳದಲ್ಲಿ ಕೂತಿತು. ಅದರೊಳಗೆ ಪಾದರಸದ ಫಲ್ಮಿನೇಟ್ ಮತ್ತು ಪೊಟ್ಯಾಸಿಯಂ ಕ್ಲೋರೇಟ್ ಮುಖ್ಯ ಪದಾರ್ಥಗಳಾದವು.

ಕ್ಲೋರೇಟ್ ಉರಿದಾಗ ಆಮ್ಲಜನಕ ಬಿಟ್ಟುಕೊಡುತ್ತದೆ, ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಹತ್ತಿರದ ನಂಟ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ನೋಡಿದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ನಳಿಗೆಯ ಗೋಡೆಗೆ ಅಂಟಿದ ಈ ಉಪ್ಪು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನತೊಡಗುತ್ತದೆ. ಹವೆ ತೇವವಾಗಿದ್ದರೆ ಒಂದು ರಾತ್ರಿಯಲ್ಲೇ ಕೆಂಪು ಕಾಣಿಸಿಕೊಳ್ಳುತ್ತದೆ.

ಕಪ್ಪು ಮದ್ದಿನ ಕಾಲದಲ್ಲಿ ಈ ತೊಂದರೆ ಯಾರ ಕಣ್ಣಿಗೂ ಬೀಳಲಿಲ್ಲ. ಆ ಮದ್ದು ಬಿಡುತ್ತಿದ್ದ ಮಸಿಯೇ ರಾಶಿ, ಹೇಗೂ ನೀರು ಹಾಕಿ ತೊಳೆಯಲೇಬೇಕಿತ್ತು. ಉಪ್ಪೂ ಅದರೊಂದಿಗೆ ಹೋಗುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದು ತಯಾರಿಸಿದ ಮೇಲೆ ಕಸ ಕಡಿಮೆಯಾಯಿತು, ನೀರು ಹಾಕುವ ರೂಢಿಯೂ ತಪ್ಪಿತು. ಎಣ್ಣೆ ಬಟ್ಟೆ ಎಳೆದರೆ ನಳಿಗೆ ಫಳಫಳ. ಮರುದಿನ ನೋಡಿದರೆ ತುಕ್ಕು! ಹೊಸ ಮದ್ದಿನ ಆಮ್ಲವೇ ಕಾರಣವೆಂದು ಬಹಳ ಮಂದಿ ದೂರಿದರು. ಅಸಲಿ ಕಳ್ಳನನ್ನು ಹಿಡಿದದ್ದು 1920ರ ದಶಕದ ಆರಂಭದಲ್ಲಿ, ಅಮೆರಿಕದ ಗಣಿ ಇಲಾಖೆಯ ರಸಾಯನತಜ್ಞ ವಿಲ್ಬರ್ಟ್ ಹಫ್. ಮದ್ದು ನಿರಪರಾಧಿ, ಕೇಪಿನ ಉಪ್ಪೇ ತಪ್ಪಿತಸ್ಥ ಎಂದು ತೋರಿಸಿದ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಎಣ್ಣೆಯ ಪದರದಡಿಯಲ್ಲೇ ಅದು ತನ್ನ ಕೆಲಸ ಮುಂದುವರಿಸುತ್ತದೆ.

ಅದೇ ದಶಕ ಮುಗಿಯುವಷ್ಟರಲ್ಲಿ ಜರ್ಮನಿ, ಅಮೆರಿಕದ ಕಂಪನಿಗಳು ಕ್ಲೋರೇಟ್ ಇಲ್ಲದ ಕೇಪುಗಳನ್ನು ಮಾರುಕಟ್ಟೆಗೆ ತಂದವು. ಬೇಟೆಗಾರರು ಖುಷಿಪಟ್ಟರು. ಸೇನೆಗಳು ಜಗ್ಗಲಿಲ್ಲ. ಕ್ಲೋರೇಟ್ ಕೇಪು ದಶಕಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದರೂ ಕೆಡುವುದಿಲ್ಲ, ಕೊರೆಯುವ ಚಳಿಯಲ್ಲೂ ಸಿಡಿಯುತ್ತದೆ. ಸಿಪಾಯಿಗೆ ಕೋವಿ ತೊಳೆಯುವುದು ಹೇಗೂ ನಿತ್ಯದ ಆಜ್ಞೆ. ಅಮೆರಿಕದ ಸೇನೆಯೇ ತನ್ನ ಮುಖ್ಯ ರೈಫಲಿಗೆ ಎರಡನೇ ಮಹಾಯುದ್ಧದುದ್ದಕ್ಕೂ ಹಳೆಯ ಕೇಪನ್ನೇ ಬಳಸಿತು. ಎಂ1 ಕಾರ್ಬೈನ್‌ಗೆ ಮಾತ್ರ ಮೊದಲಿನಿಂದಲೂ ತುಕ್ಕು ತಾರದ ತೋಟಾ ಕೊಟ್ಟಿತು, ಏಕೆಂದರೆ ಅದರ ಅನಿಲ ಪಿಸ್ಟನ್ ಬಿಚ್ಚುವುದು ಸಿಪಾಯಿಯ ಕೈಲಾಗುವ ಕೆಲಸವಾಗಿರಲಿಲ್ಲ. ಸೋವಿಯತ್ ಒಕ್ಕೂಟವಂತೂ ಶೀತಲ ಸಮರದುದ್ದಕ್ಕೂ ಕ್ಲೋರೇಟನ್ನು ಬಿಡಲೇ ಇಲ್ಲ.

1891ರ ಮೋಸಿನ್-ನಾಗಾಂತ್ ರೈಫಲಿನ 7.62×54 ತೋಟಾವನ್ನು ಸೋವಿಯತ್ ಕಾರ್ಖಾನೆಗಳು ಎಂದೂ ಬಾರದ ಯುದ್ಧಕ್ಕಾಗಿ ತಯಾರಿಸಿ ಪೇರಿಸಿದವು. 1991ರಲ್ಲಿ ಒಕ್ಕೂಟ ಒಡೆಯಿತು, ಗೋದಾಮುಗಳ ಬಾಗಿಲು ತೆರೆಯಿತು. ರಷ್ಯಾ, ಬಲ್ಗೇರಿಯಾ, ಹಂಗೇರಿ, ರೊಮೇನಿಯಾಗಳ ಸರಕು ಹಡಗೇರಿತು. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮೋಸಿನ್ ರೈಫಲ್ ನೂರು ಡಾಲರಿಗಿಂತ ಕಡಿಮೆಗೆ ಸಿಗುತ್ತಿತ್ತು. ತೋಟಾವಂತೂ ಕಡಲೆಪುರಿ ಬೆಲೆ.

ಸರಕು ಬರುತ್ತಿದ್ದದ್ದು ಬೆಸೆದು ಮುಚ್ಚಿದ ಹಸಿರು ತಗಡಿನ ಡಬ್ಬಿಯಲ್ಲಿ. ಒಂದರಲ್ಲಿ 440 ತೋಟಾ. ಮರದ ಪೆಟ್ಟಿಗೆಯೊಂದಕ್ಕೆ ಎರಡು ಡಬ್ಬಿ, ಜೊತೆಗೆ ಕೊಯ್ಯಲು ಒಂದು ಒರಟು ಓಪನರ್. ತಗಡು ಕೊಯ್ದು ತೆರೆದರೆ ಒಳಗೆ 20ರ ಕಾಗದದ ಪೊಟ್ಟಣಗಳು. ತೋಟಾದ ತಳದಲ್ಲಿ ಎರಡು ಸಂಖ್ಯೆ: ಕಾರ್ಖಾನೆಯದು, ಇಸವಿಯದು. 188 ಎಂದಿದ್ದರೆ ನೊವೊಸಿಬಿರ್ಸ್ಕ್, 17 ಎಂದಿದ್ದರೆ ಬರ್ನೌಲ್, 60 ಎಂದಿದ್ದರೆ ಇಂದಿನ ಬಿಷ್ಕೆಕ್. ಕೊಂಡವನ ವಯಸ್ಸಿಗಿಂತ ಹಳೆಯ ತೋಟಾ ಕೋವಿಯ ಕುದುರೆ ಎಳೆದ ಕ್ಷಣದಲ್ಲೇ ಢಂ ಎನ್ನುವುದಿದೆಯಲ್ಲ, ಆ ಕೇಪಿನ ಗುಣವನ್ನು ಬೈಯುತ್ತಲೇ ಮೆಚ್ಚಬೇಕು.

ಮಾರುವವರ ‘ತುಕ್ಕು ತರುವುದಿಲ್ಲ’ ಎಂಬ ಮಾತನ್ನು ಅನುಭವಿಗಳು ನಂಬುವುದಿಲ್ಲ. ಗುಂಡು ಕಿತ್ತು, ಮದ್ದು ಸುರಿದು, ಬರಿ ಕೇಪನ್ನು ಉಜ್ಜಿದ ಉಕ್ಕಿನ ತುಂಡಿನ ಮೇಲೆ ಸಿಡಿಸುತ್ತಾರೆ. ಆ ತುಂಡನ್ನು ತೇವದ ಜಾಗದಲ್ಲಿಟ್ಟು ಒಂದೆರಡು ದಿನ ಕಾಯುತ್ತಾರೆ. ತುಕ್ಕು ತಾನೇ ಸಾಕ್ಷಿ ನುಡಿಯುತ್ತದೆ.

ತೊಳೆಯುವ ವಿಷಯದಲ್ಲಿ ತಪ್ಪು ನಂಬಿಕೆಗಳಿಗೆ ಬರವಿಲ್ಲ. ಕಿಟಕಿ ಗಾಜು ಒರೆಸುವ ಅಮೋನಿಯಾ ದ್ರಾವಣ ಉಪ್ಪನ್ನು ಕೊಲ್ಲುತ್ತದೆ ಎಂಬುದು ಅವುಗಳಲ್ಲಿ ದೊಡ್ಡದು. ಅಮೋನಿಯಾಕ್ಕೆ ಪೊಟ್ಯಾಸಿಯಂ ಕ್ಲೋರೈಡ್‌ನೊಡನೆ ಯಾವ ಜಗಳವೂ ಇಲ್ಲ. ಆ ಬಾಟಲಿಯಲ್ಲಿ ಕೆಲಸ ಮಾಡುವುದು ನೀರು. ತೊಳೆಯುವ ಮೊದಲು ಮೋಸಿನ್‌ನ ಬೋಲ್ಟನ್ನು ಹೊರಗೆಳೆದು ಬಿಚ್ಚಲು ಸಲಕರಣೆ ಬೇಕಿಲ್ಲ. ಬೋಲ್ಟಿನ ಮುಖಕ್ಕೂ ಕೇಪಿನ ಉಪ್ಪು ಹಾರಿರುತ್ತದೆ, ಅದನ್ನೂ ತೊಳೆಯಬೇಕು. ಕುದಿನೀರೇ ಏಕೆಂದರೆ ಉಕ್ಕು ಕಾದು ತಾನೇ ಬೇಗ ಒಣಗುತ್ತದೆ. ಆಮೇಲೆ ಒಣ ಬಟ್ಟೆ, ಮಸಿಗೆ ದ್ರಾವಕ, ಕೊನೆಗೆ ಎಣ್ಣೆ. ಎಕೆ, ಎಸ್‌ಕೆಎಸ್ ಬಗೆಯ ಕೋವಿಗಳಲ್ಲಿ ಅನಿಲದ ಕೊಳವೆ ಮತ್ತು ಪಿಸ್ಟನ್ ಮರೆತವರು ಆಮೇಲೆ ಪಶ್ಚಾತ್ತಾಪ ಪಡುತ್ತಾರೆ.

ಈ ಕುದಿನೀರು ಭಾರತಕ್ಕೂ ಅಪರಿಚಿತವಲ್ಲ. ನಮ್ಮ ಪೊಲೀಸರ ಹೆಗಲ ಮೇಲಿದ್ದ ‘ತ್ರೀ ನಾಟ್ ತ್ರೀ’ ರೈಫಲಿಗೂ ಬ್ರಿಟಿಷ್ ಸೇನೆ ಇದೇ ಕ್ರಮ ಹೇಳಿಕೊಟ್ಟಿತ್ತು. ಪುಣೆ ಬಳಿಯ ಖಡ್ಕಿ ಕಾರ್ಖಾನೆ ಅದರ ತೋಟಾ ಮಾಡುತ್ತಿತ್ತು. ಉತ್ತರ ಪ್ರದೇಶದ ಪೊಲೀಸರು ಆ ರೈಫಲಿಗೆ ವಿದಾಯ ಹೇಳಿದ್ದು 2020ರ ಜನವರಿಯಲ್ಲಷ್ಟೇ. ಖಾಸಗಿಯವರಿಗೆ ಆ ಬೋರ್ ನಿಷಿದ್ಧ, ಹಾಗಾಗಿ ಸೇನೆಯ ಹಳೆಯ ಸರಕನ್ನು ಕೊಂಡು ಹಾರಿಸುವ ಚಟ ಇಲ್ಲಿ ಬೆಳೆಯಲಿಲ್ಲ.

ಅಮೆರಿಕದಲ್ಲೂ ಆ ಸುಗ್ಗಿ ಮುಗಿದಿದೆ. 2014ರಲ್ಲಿ 5.45 ಮಿ.ಮೀ.ನ ಹಳೆಯ ರಷ್ಯನ್ ತೋಟಾವನ್ನು ಕವಚಭೇದಿ ಎಂದು ಪರಿಗಣಿಸಿ ಆಮದು ನಿಲ್ಲಿಸಿದರು. ರಷ್ಯಾದ ವಿರೋಧ ಪಕ್ಷದ ನಾಯಕ ಅಲೆಕ್ಸಿ ನವಾಲ್ನಿಗೆ ವಿಷವಿಟ್ಟ ಪ್ರಕರಣದ ನಿರ್ಬಂಧವಾಗಿ, 2021ರ ಸೆಪ್ಟೆಂಬರಿನಿಂದ ರಷ್ಯಾದ ಬಂದೂಕು, ತೋಟಾಗಳಿಗೆ ಹೊಸ ಆಮದು ಪರವಾನಗಿ ಕೊಡುವುದೂ ನಿಂತಿತು. ಹಿಂದೆ ನೂರು ಡಾಲರೂ ಮುಟ್ಟದಿದ್ದ ಮೋಸಿನ್‌ಗೆ ಈಗ ಹಲವು ನೂರು ಡಾಲರ್ ತೆರಬೇಕು. ತುಕ್ಕು ತಾರದ ಹೊಸ ತೋಟಾದ ಮುಂದೆ ಹಳೆಯ ಹಸಿರು ಡಬ್ಬಿಗಿದ್ದ ಅಗ್ಗದ ಆಕರ್ಷಣೆಯೂ ಬಹುಪಾಲು ಹೋಗಿದೆ.